ಕಾಜಾ ಹಾಕುವ ಕಣ್ಣು

ತಾರೀಕು ೧೪, ಮಂಗಳವಾರ

ಮಗಳೇ,

ಇಲ್ಲಿ ಎಲ್ಲರೂ ಉಂಡುಟ್ಟು ಇದ್ದೇವೆ. ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಬೇಸರಪಡಬೇಡ. ಫೋನ್ ಮಾಡಬಹುದಿತ್ತು, ಆದರೆ ಫೋನಿರುವುದು ನಮ್ಮ ಹೊಲಿಗೆ ಅಂಗಡಿಯಲ್ಲಿ, ಅಲ್ಲಿ ಗೋಡೆಗಿಂತ ಗಿರಾಕಿಗಳಿಗೇ ಕಿವಿ ಜಾಸ್ತಿ.

ನನ್ನ ಕಣ್ಣಿನ ವಿಷಯ ಬರೆಯಬೇಕಾಗಿದೆ. ಹೋದ ತಿಂಗಳು ಒಬ್ಬ ಗಿರಾಕಿ ಕೋಟು ವಾಪಸ್ ತಂದ. ನಾನು ಹಾಕಿದ ಕಾಜಾ ಗುಂಡಿಯ ಸಾಲು ಬಿಟ್ಟು ಓಡಿತ್ತು. ನನ್ನ ಕೆಲಸವನ್ನು ಯಾರೂ ಬಿಚ್ಚಿ ಹೊಲಿದದ್ದಿಲ್ಲ, ನಿನಗೇ ಗೊತ್ತು. ನಿನ್ನ ದೊಡ್ಡಣ್ಣ ಅವನೆದುರಿಗೇ, "ಅಮ್ಮಂಗೆ ವಯಸ್ಸಾಯ್ತು ಬಿಡಿ" ಎಂದ. ಮರುದಿನ ಬಾಗಿಲು ಎಳೆದುಕೊಂಡು ಒಬ್ಬಳೇ ಕಣ್ಣಾಸ್ಪತ್ರೆಗೆ ಹೋದೆ.

ಮನೆಯ ಪದ್ಧತಿ ನೀನೂ ಕಂಡದ್ದೇ. ನಿನ್ನ ಅಪ್ಪನಿಗೆ ಹೊಸ ಕನ್ನಡಕ ಬಂದರೆ ಹಳೆಯದು ನನ್ನ ಮೂಗಿಗೆ. "ಕತ್ತರಿ ಹಿಡಿಯೋ ಕಣ್ಣು ಚೊಕ್ಕ ಇರ್ಬೇಕು. ಕಾಜಾ ಹಾಕೋಕೆ ಇದೇ ಧಾರಾಳ ಆಯ್ತು" ಅನ್ನುತ್ತಾರೆ. ಅವರ ಪರೀಕ್ಷೆಗೆಂದರೆ ಗಂಡುಮಕ್ಕಳಿಬ್ಬರೂ ಅಂಗಡಿ ಮುಚ್ಚಿ ಜೊತೆಗೆ ಹೋಗುತ್ತಾರೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕನ್ನಡಕ ತಿರುಗಿಸಿ ನೋಡಿ, "ಇದು ಯಾರದಮ್ಮಾ?" ಅಂದಳು.

"ನಮ್ಮನೆಯವರದು."

"ಕಣ್ಣೂ ಅವರದೇನಾ?"

ನಿನ್ನ ವಯಸ್ಸಿನವಳು. ಬೇರೆ ದಿನವಾಗಿದ್ದರೆ ಸರಿಯಾಗಿ ಕೊಡುತ್ತಿದ್ದೆ. ಅವತ್ತು ಅವಳು ತೋರಿಸಿದ ಯಂತ್ರಕ್ಕೆ ಗದ್ದ ಕೊಟ್ಟು ಕೂತೆ.

ಕಣ್ಣಿನೊಳಗೆ ಒತ್ತಡ ಏರಿ ನರ ಸೊರಗಿದೆಯಂತೆ. ನೋವೇ ಇರುವುದಿಲ್ಲ, ಬಟ್ಟೆಯ ಅಂಚು ಬಿಚ್ಚಿಕೊಳ್ಳುವ ಹಾಗೆ ನೋಟ ಸುತ್ತಲಿಂದ ಸವೆಯುತ್ತದೆ. ಎಡಗಣ್ಣು ಹೋಯಿತೆಂದೇ ಲೆಕ್ಕ. ಬಲಗಣ್ಣಿಗೆ ದಿನಾ ಹನಿ ಹಾಕಿ ಉಳಿಸಿಕೊಳ್ಳಬೇಕು. "ಮುಂಚೆ ಬಂದಿದ್ರೆ ಎರಡೂ ಉಳೀತಿತ್ತಮ್ಮಾ" ಎಂದಳು. ಮನೆಗೆ ಬಂದು ಹೇಳಿದರೆ ನಿನ್ನ ಅಪ್ಪ, "ನೀನು ಹೇಳ್ಲೇ ಇಲ್ವಲ್ಲೇ" ಎಂದರು. ಕೇಳಿದವರು ಯಾರಿದ್ದರು? ಜಗಳವಾಡಲೂ ಈಗ ತ್ರಾಣವಿಲ್ಲ. ಕೈಕಾಲು ತೊಳೆದು ಒಲೆ ಹಚ್ಚಿದೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಮೊಮ್ಮಗಳಿಗೊಂದು ಮುತ್ತು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಮ್ಮ

ಮರೆತ ಮಾತಲ್ಲ, ಬರೆಯಲು ಕೈ ಹಿಂಜರಿದ ಮಾತು: ಇದು ರಕ್ತದಲ್ಲಿ ಬರುವ ರೋಗ, ಮಕ್ಕಳೆಲ್ಲ ತೋರಿಸಿಕೊಳ್ಳಲಿ ಎಂದಿದ್ದಾಳೆ ಡಾಕ್ಟರಮ್ಮ. ನಿನ್ನ ಅಣ್ಣಂದಿರು ಮಾರನೆಯ ದಿನವೇ ಹೋಗಿಬಂದರು, ಅವರಿಗೇನೂ ಇಲ್ಲ. "ತಂಗಿಗೂ ಹೇಳ್ರೋ" ಎಂದೆ. "ಅವಳು ಈಗ ಆ ಮನೆಯವಳು, ಅವರು ನೋಡ್ಕೋತಾರೆ" ಎಂದರು ನಿನ್ನ ಅಪ್ಪ. ಒಬ್ಬನಾದರೂ ಹೇಳಿಯಾನೆಂದು ಕಾದೆ. ಯಾರೂ ನಿನ್ನ ಹೆಸರೆತ್ತಲಿಲ್ಲ. ನೀನು ಯಾರ ಒಪ್ಪಿಗೆಗೂ ಕಾಯಬೇಡ. ಕಾಗದ ಕೆಳಗಿಟ್ಟು ಹೊರಡು.