ಸತ್ತ ತಾಯಿ ಮುದ್ದೆ ಬಡಿಸಿದ ಮ್ಯಾಟ್ನಿ

ಗುರುವಾರ, 6 ಮಾರ್ಚ್ 1997
ಬೆಳಿಗ್ಗೆ ಅಂಗಡಿ ಮುಂದಿನ ಹಲಗೆ ಒರೆಸಿದೆ. ಈ ವಾರದ ಸಾಮಾನು: ಡೆಲ್ಲಿ ಸೆಟ್ಟು ಎಂಬ ಅಗ್ಗದ ಪಾಕೆಟ್ ರೇಡಿಯೋ. ನೋಟ — ಹತ್ತಕ್ಕೆ ಎಂಟು. ದನಿ — ನಾಲ್ಕು. ಬಾಳಿಕೆ — ಎರಡು. ಷರಾ: ‘ರೈಲು ಬರುವವರೆಗೆ ಹಾಡುತ್ತದೆ. ರೈಲು ತಡವಾದರೆ ನಾವು ಜವಾಬ್ದಾರರಲ್ಲ.’

ರೇಡಿಯೋ ರಿಪೇರಿ ಮಾಡುವವನು ಕೆಡುವ ರೇಡಿಯೋವನ್ನು ಬೈಯಬಾರದು. ಆದರೂ ಬರೆದೆ. ಎಂಟು ವರ್ಷದ ಚಟ. ಎಸ್ಸೆಸ್ಸೆಲ್ಸಿ ಫೇಲಾದವನು ಅರಸೀಕೆರೆಗೆಲ್ಲ ಮಾರ್ಕ್ಸ್ ಹಾಕುತ್ತಾನೆ ಎಂದು ಹೆಂಡತಿ ಮಂಜುಳಾ ನಗುತ್ತಾಳೆ. ನಗಲಿ. ಎದುರಿನ ಟಾಕೀಸಿಗೆ ಹೋಗುವವರು ಮೊದಲು ಹಲಗೆ ಓದುತ್ತಾರೆ, ಆಮೇಲೆ ಟಿಕೆಟ್.

ನಾಳೆ ಹೊಸ ಪಿಕ್ಚರು. ಮ್ಯಾಟ್ನಿಗೇ ಹೋಗಬೇಕು.

ಶುಕ್ರವಾರ, ಸಂಜೆ
ಏನು ಪಿಕ್ಚರು! ಇಂಟರ್‌ವಲ್ ಆದಮೇಲೆ ತಾಯಿ ಸಾಯುತ್ತಾಳೆ. ಮಣ್ಣೂ ಆಗುತ್ತದೆ. ಮುಂದಿನ ದೃಶ್ಯದಲ್ಲಿ ಅದೇ ತಾಯಿ ಮಗನಿಗೆ ಬಿಸಿ ಮುದ್ದೆ ಬಡಿಸುತ್ತಿದ್ದಾಳೆ, ಬೈಯುತ್ತಿದ್ದಾಳೆ. ಹೊಗೆ ಇಲ್ಲ, ಗಂಟೆಯ ಸದ್ದಿಲ್ಲ. ಇದು ಮಗನ ನೆನಪು ಎಂದು ಯಾರೂ ಹೇಳುವುದಿಲ್ಲ — ನಾವೇ ತಿಳಿದುಕೊಳ್ಳಬೇಕು. ಅಂಗಿಯ ತೋಳು ಒದ್ದೆಯಾಯಿತು.

ನಲವತ್ತಕ್ಕೆ ಮೂವತ್ತಾರು. ಈವರೆಗೆ ಯಾವ ಪಿಕ್ಚರಿಗೂ ಇಷ್ಟು ಕೊಟ್ಟಿಲ್ಲ. ಷರಾ: ‘ಸತ್ತವರು ನೆನಪಾಗಿ ಹೇಗೆ ಮನೆಯಲ್ಲೇ ಇರುತ್ತಾರೆ ಎಂಬುದನ್ನು ನೋಡಬೇಕಾದರೆ ಒಳಗೆ ಹೋಗಿ.’

ಬರೆಯುವಾಗ ಹಿಂದೆ ಇಪ್ಪತ್ತು ಜನ ನಿಂತಿದ್ದರು. ಮ್ಯಾಟ್ನಿ ಮುಗಿಸಿ ಬಂದವರೇ. ಗೊಣಗುತ್ತಿದ್ದವರು ಓದಿ ಸುಮ್ಮನಾದರು.

ಭಾನುವಾರ, 9 ಮಾರ್ಚ್
ಸ್ಕೂಟರ್ ಮೆಕ್ಯಾನಿಕ್ ಬೀರೇಶ ಬೆಳಿಗ್ಗೆಯೇ ಬಂದ.

“ಏನ್ಲಾ ಲಕ್ಷ್ಮೀಶ, ಟಾಕೀಸ್‌ನಾಗೆ ಚಾಪೆ ಹಾಸ್ಕಂಡು ಮಲ್ಗಿದ್ದಾ? ತಾಯಿ ಮುದ್ದೆ ಬಡ್ಸಿದ್ಮೇಲೆ ಸಾಯ್ತಾಳೆ ಕಣ್ಲಾ! ಸತ್ತೋಳು ಎಲ್ಲಿ ಎದ್ದು ಬಂದ್ಲು?”

ಮೂವರು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ಮತ್ತೆ ಟಿಕೆಟ್ ತೆಗೆದು ಹೋದೆ. ಬೀರೇಶ ಹೇಳಿದ್ದೇ ಸರಿ. ಮೊದಲು ಮುದ್ದೆ, ಆಮೇಲೆ ಸಾವು. ತೀರಾ ಸಾದಾ ಪಿಕ್ಚರು. ಇಪ್ಪತ್ತೆರಡರ ಮೇಲೆ ಕೊಡುವ ಹಾಗಿಲ್ಲ.

ಹಾಗಾದರೆ ಶುಕ್ರವಾರ ನಾನು ನೋಡಿದ್ದು?

ಹೊರಗೆ ಬಂದು ಬೀಡಾ ಅಂಗಡಿ ಹತ್ತಿರ ನಿಂತಾಗ ಹೊಳೆಯಿತು. ಪಿಕ್ಚರು ಬರುವುದು ಹದಿನಾರು ರೀಲು, ಹದಿನಾರು ಡಬ್ಬ. ಶುಕ್ರವಾರ ಹತ್ತನೆಯದಕ್ಕೆ ಮೊದಲು ಹನ್ನೊಂದನೆಯದು ಓಡಿದೆ. ಅದನ್ನು ಮಹಾ ಕಲೆ ಎಂದು ಊರಿಗೆ ಡಂಗುರ ಹೊಡೆದವನು ನಾನು.

ಸೋಮವಾರ
ಟಾಕೀಸಿನ ಪ್ರೊಜೆಕ್ಟರ್ ಕ್ಯಾಬಿನ್ನಿಗೆ ಹತ್ತಿದೆ. ಆಪರೇಟರ್ ಕೆಂಚಪ್ಪಣ್ಣ ಡಬ್ಬವನ್ನು ಮೂಗಿಗೆ ತಾಗಿಸಿಕೊಂಡು ನಂಬರ್ ನೋಡುತ್ತಿದ್ದರು. ಇಪ್ಪತ್ತಾರು ವರ್ಷದ ಸರ್ವಿಸ್. ನನಗೆ ಬೆಸುಗೆ ಹಾಕುವುದನ್ನು ಕಲಿಸಿದ್ದೂ ಅವರೇ, ಇದೇ ಕ್ಯಾಬಿನ್ನಿನಲ್ಲಿ.

“ಶುಕ್ರವಾರ ರೀಲು ಅದಲುಬದಲಾಯ್ತಾ, ಕೆಂಚಪ್ಪಣ್ಣ?”

ಸುಳ್ಳು ಹೇಳಲಿಲ್ಲ. “ಎಡಗಣ್ಣಾಗೆ ಪೊರೆ ಬಂದೈತೆ ಕಣಪ್ಪಾ. ಬಲದ್ರಾಗೂ ಮಂಜು. ಈಗ ಡಬ್ಬಕ್ಕೆಲ್ಲ ದಾರ ಕಟ್ಟಿವ್ನಿ — ಗಂಟು ಎಣಿಸ್ತೀನಿ. ಶನಿವಾರದಿಂದ ತಪ್ಪಾಗಿಲ್ಲ.”

“ಯಜಮಾನ್ರಿಗೆ ಹೇಳಿ.”

“ಹೇಳಿದ್ರೆ ಮನೇಗೆ ಕಳಿಸ್ತಾರೆ. ದೀಪಾವಳೀಲಿ ರೀಲು ಹರಿದಾಗ್ಲೇ ಅಂದವ್ರೆ — ಇನ್ನೊಂದು ತಪ್ಪಾದ್ರೆ ಮೆಟ್ಲು ಇಳೀಬೇಕು ಅಂತ. ಈ ಮಿಷಿನ್ ಬಿಟ್ಟು ನಂಗೇನು ಬತ್ತದೆ ಹೇಳು? ನೀನು ನಿನ್ನ ಹಲಗೆ ಮ್ಯಾಲೆ ಬರೀಬ್ಯಾಡ, ಅಷ್ಟೇ.”

ಕೈ ಹಿಡಿದುಕೊಂಡರು. ಬರೆಯುವುದಿಲ್ಲ ಎಂದು ಬಂದೆ.

ಮಂಗಳವಾರ
ಒಂದು ಸಾಲು ಬರೆದರೆ ನನ್ನ ಮರ್ಯಾದೆ ವಾಪಸ್. ‘ರೀಲು ತಪ್ಪಿತ್ತು.’ ಅಷ್ಟೇ. ಸಾಕ್ಷಿಗೆ ಶುಕ್ರವಾರದ ಮ್ಯಾಟ್ನಿಯವರು ಇದ್ದಾರೆ.

ಸೀಮೆಸುಣ್ಣ ಎರಡು ಸಲ ಎತ್ತಿದೆ. ಎರಡು ಸಲ ಇಟ್ಟೆ.

ಮಧ್ಯಾಹ್ನದೊಳಗೆ ಯಾರೋ ನನ್ನ ಷರಾದ ಕೆಳಗೆ ಸೀಮೆಸುಣ್ಣದಲ್ಲಿ ಗೀಚಿದ್ದರು: ‘ವಿಮರ್ಶಕರು ನಿದ್ದೆಯಲ್ಲಿದ್ದಾರೆ, ಎಬ್ಬಿಸಬೇಡಿ.’ ಬರವಣಿಗೆ ಚೆನ್ನಾಗಿತ್ತು. ಹತ್ತಕ್ಕೆ ಏಳು.

ಮಂಜುಳಾಗೆ ಎಲ್ಲ ಹೇಳಿದೆ. “ಅಲ್ರೀ, ನಿಮ್ಮ ಮಾನ ಹೋದ್ರೆ ಹಲಗೆ ಒರೆಸಿ ಇನ್ನೊಂದು ಬರೀಬಹುದು. ಅವ್ರ ಕೆಲ್ಸ ಹೋದ್ರೆ?” ಅಂದಳು. ಹೇಳಿ ಒಗ್ಗರಣೆ ಹಾಕಲು ಹೋದಳು. ನನಗಿಂತ ಚಿಕ್ಕ ಷರಾ ಬರೆಯುತ್ತಾಳೆ.

ಬುಧವಾರ, 12 ಮಾರ್ಚ್
ಹನ್ನೊಂದು ಗಂಟೆಗೆ ಷಡಕ್ಷರಪ್ಪನವರೇ ಅಂಗಡಿಗೆ ಬಂದರು. ಟಾಕೀಸಿನ ಯಜಮಾನರು ರಸ್ತೆ ದಾಟಿ ಬಂದದ್ದು ಇದೇ ಮೊದಲು. ಸ್ಟೂಲು ಕೊಟ್ಟೆ. ಕೂರಲಿಲ್ಲ.

“ಲಕ್ಷ್ಮೀಶ, ಶುಕ್ರವಾರ ಮ್ಯಾಟ್ನಿ ನೋಡಿ ನಿಂಗೇನೂ ಅನ್ನಿಸ್ಲಿಲ್ವಾ?”

“ಅನ್ನಿಸಿದ್ದನ್ನ ಬರೆದಿದ್ದೀನಿ, ಯಜಮಾನ್ರೇ.”

“ಈಗೂ ಅದೇ ಮಾತಾ?”

ಬೆಸುಗೆ ಕಡ್ಡಿ ಕೆಳಗಿಟ್ಟೆ. “ಅದೇ. ನಾನು ನಿದ್ದೆ ಮಾಡಿರಬಹುದು.”

ಅವರು ನನ್ನನ್ನೇ ನೋಡಿದರು. ಆಮೇಲೆ ಸ್ಟೂಲು ಎಳೆದು ಕೂತರು.

“ನಾನೂ ಅವತ್ತು ಬಾಲ್ಕನೀಲೇ ಇದ್ದೆ ಕಣಯ್ಯ. ಸತ್ತೋಳು ಮುದ್ದೆ ಬಡಿಸ್ತಾ ಕೂತಿದ್ದು ನೋಡಿ ಮೈ ಉರಿದೋಯ್ತು. ಷೋ ಮುಗಿದ್ಮೇಲೆ ಜನ ಕುರ್ಚಿ ಮುರೀತಾರೆ, ಅದಾದ್ಮೇಲೆ ಕೆಂಚಪ್ಪನ್ನ ಕಳಿಸಿಬಿಡೋಣ ಅಂತ ಬಾಗ್ಲಲ್ಲೇ ನಿಂತ್ಕಂಡೆ. ಜನ ಬಂದ್ರು, ಗೊಣಗಿದ್ರು, ನಿನ್ನ ಹಲಗೆ ಓದಿದ್ರು. ‘ಓಹೋ, ಅದು ನೆನಪಂತೆ’ ಅಂದ್ಕಂಡು ಮನೇಗೆ ಹೋದ್ರು. ಒಬ್ಬನೂ ಟಿಕೆಟ್ ದುಡ್ಡು ವಾಪಸ್ ಕೇಳ್ಲಿಲ್ಲ! ನಂಗೆ ಕೋಪ ಇಳಿದು ನಗು ಬಂದ್ಬಿಡ್ತು.”

ಹಲಗೆಯತ್ತ ತಿರುಗಿ ಆ ಷರಾವನ್ನು ನಾನೇ ಇನ್ನೊಮ್ಮೆ ಓದಿದೆ. ಅವರು ಮುಂದುವರಿಸಿದರು.

“ಕೋಪ ಇಳಿದ್ಮೇಲೆ ವಿಚಾರ್ಸಿದೆ. ಅವನಿಗೆ ಕಣ್ಣಿಲ್ಲ ಅಂತ ಗೊತ್ತಾಯ್ತು. ಹಾಸನದಲ್ಲಿ ಇಪ್ಪತ್ತೆರಡನೇ ತಾರೀಕು ಕಣ್ಣಿನ ಕ್ಯಾಂಪ್ ಐತೆ, ಹೆಸರು ಬರ್ಸಿದ್ದೀನಿ. ಅಲ್ಲೀತಂಕ ತಿಪಟೂರಿಂದ ಒಬ್ಬ ಬತ್ತಾನೆ. ವಾಸಿಯಾದ್ಮೇಲೆ ಮಿಷಿನ್ ಅವನದೇ. ಆದ್ರೆ ನಾನು ಕರೆದ್ರೆ ಹೆದರ್ಕಂಡು ಊರು ಬಿಟ್ಟು ಓಡ್ತಾನೆ. ನೀನೇ ಕರ್ಕೊಂಡು ಹೋಗು.”

ಅವರು ರಸ್ತೆ ದಾಟುವವರೆಗೆ ತಡೆದೆ. ಆಮೇಲೆ ಅಂಗಡಿಯಲ್ಲಿದ್ದ ಐದು ರೇಡಿಯೋಗಳನ್ನೂ ಒಟ್ಟಿಗೆ ಹಾಕಿದೆ. ಐದು ಸ್ಟೇಷನ್, ಐದು ದನಿ. ಡೆಲ್ಲಿ ಸೆಟ್ಟೂ ಹಾಡಿತು.

ಗುರುವಾರ
ಕೆಂಚಪ್ಪಣ್ಣನಿಗೆ ಹೇಳಿದೆ. ಮೊದಲು ನಂಬಲಿಲ್ಲ. ಆಮೇಲೆ ಅರ್ಧ ಗಂಟೆ ಯಜಮಾನರನ್ನು ಬೈದರು. “ಗೊತ್ತಿದ್ದೂ ಐದು ದಿನ ನನ್ ಕೈಲಿ ಗಂಟು ಎಣಿಸವ್ರಲ್ಲ!” ಬೈಯುತ್ತಲೇ ಕಣ್ಣೊರೆಸಿಕೊಂಡರು. ಸುಸ್ತಾಗುವಷ್ಟು ಹಗುರವಾಗಿದ್ದೇವೆ, ಇಬ್ಬರೂ.

ಇವತ್ತು ಕೊನೇ ಷೋ. ನಾಳೆ ಹದಿನಾರು ಡಬ್ಬವೂ ಬಸ್ಸಿನ ಟಾಪಿನ ಮೇಲೆ ಬೇಲೂರಿಗೆ. ಅಲ್ಲಿನವರು ಪಿಕ್ಚರನ್ನು ನೇರವಾಗಿ ನೋಡುತ್ತಾರೆ, ಪಾಪ.

ಹಲಗೆ ಒರೆಸಿದೆ. ಮೂವತ್ತಾರನ್ನು ಮಾತ್ರ ಈ ಪುಸ್ತಕದಲ್ಲಿ ಹಾಗೇ ಉಳಿಸಿದ್ದೇನೆ. ನನ್ನ ಅಂಗಿಯ ತೋಳು ಒದ್ದೆಯಾಗಿದ್ದು ನಿಜ. ಅದನ್ನು ಯಾವ ರೀಲಿನ ಖಾತೆಗೆ ಹಾಕುವುದು, ಗೊತ್ತಿಲ್ಲ.

ಶುಕ್ರವಾರ, 2 ಮೇ — ಮ್ಯಾಟ್ನಿ
ಬೇರೆ ಪಿಕ್ಚರು. ಕ್ಯಾಬಿನ್ನಿನಲ್ಲೇ ಕೂತು ಬರೆಯುತ್ತಿದ್ದೇನೆ. ಆಪರೇಷನ್ ಆಗಿ ಕೆಂಚಪ್ಪಣ್ಣ ಸೋಡಾ ಗ್ಲಾಸಿನಂಥ ಕನ್ನಡಕ ಹಾಕಿಕೊಂಡಿದ್ದಾರೆ. ಆ ಗಂಟಿನ ದಾರಗಳನ್ನೆಲ್ಲ ಒಲೆಗೆ ಹಾಕಿದರಂತೆ. ಒಂದೊಂದು ರೀಲಿನ ನಂಬರನ್ನೂ ನನಗೆ ಕೇಳಲೆಂದೇ ಕೂಗಿ ಓದುತ್ತಾರೆ. ಒಂಬತ್ತು ಮುಗಿಯುತ್ತಾ ಬಂತು.

“ಹತ್ತು!” ಡಬ್ಬವನ್ನು ಒಂದು ಮೊಳ ದೂರ ಹಿಡಿದು ತೋರಿಸಿದರು. ಹೌದು, ಹತ್ತೇ. ಎರಡನೇ ಮಿಷಿನ್ನಿಗೆ ಹಾಕಿದರು. ತೆರೆಯ ಮೂಲೆಯಲ್ಲಿ ಚುಕ್ಕೆ ಮಿನುಗಿದರೆ ಓಡುತ್ತಿರುವ ರೀಲು ಮುಗಿಯಿತೆಂದು ಗುರುತು; ಈ ಮಿಷಿನ್ ಹಚ್ಚಿ ಆ ಮಿಷಿನ್ ನಿಲ್ಲಿಸಬೇಕು. ಇಷ್ಟು ದಿನ ಆ ಚುಕ್ಕೆಯನ್ನು ಅಂದಾಜಿನಲ್ಲೇ ಹಿಡಿಯುತ್ತಿದ್ದರಂತೆ.

“ಏನ್ಲಾ ಅದು ಬರೀತಾ ಕೂತಿದ್ದೀಯ? ಪೆನ್ನು ಮಡಗು. ಬಾ, ಈ ಕಿಂಡೀಲಿ ನೋಡು — ಬತ್ತದೆ ಈಗ, ಚುಕ್ಕೆ —”

ಕೈ ಎಳೆಯುತ್ತಿದ್ದಾರೆ. ಒಂದು ನಿಮಿಷ, ಕೆಂಚಪ್ಪಣ್ಣ, ಇದೊಂದು ಸಾಲು