ನಿನ್ನೆಯ ವ್ಯಾಯಾಮದ ಗ್ರಾಫು

ರೀ,

ನಾನು ಎಲ್ಲರ ಜೊತೆ ವ್ಯಾಯಾಮ ಮಾಡೋಕೆ ಪಾರ್ಕಿಗೆ ಹೊರಟೆ. ಮಿಸೊ ಸಾರು ಒಲೆ ಮೇಲಿದೆ, ಕುದಿಸಬೇಡಿ.

ಡಾಕ್ಟರ್ ಹೇಳಿದ, ಬೆಳಗ್ಗೆ ರೇಡಿಯೋದಲ್ಲಿ ಹೇಳಿಕೊಡೋ ವ್ಯಾಯಾಮ ಮನೆಯಲ್ಲೇ ಮಾಡ್ತೀನಿ ಅಂದಿರಲ್ಲ, ಅದಕ್ಕೇ ನಿಮ್ಮ ಬೆಲ್ಟಿಗೆ ಚಲನೆ ಅಳೆಯೋ ಸೆನ್ಸರ್ ಸಿಕ್ಕಿಸಿ ಆ ಪುಟ್ಟ ಕಂಪ್ಯೂಟರಿಗೆ ಜೋಡಿಸಿದ್ದೆ. ನಿನ್ನೆಯ ಗ್ರಾಫು ಫ್ರಿಜ್ ಮೇಲೆ ಅಂಟಿಸಿದ್ದೀನಿ, ನೋಡಿ. ರೇಡಿಯೋದವರು ಜಿಗಿಯಿರಿ ಅನ್ನೋದು ಒಂದೇ ಸಲ. ನೀವು ಹದಿನಾಲ್ಕು ಸಲ ಜಿಗಿದಿದ್ದೀರಿ! ಉಸಿರು ಎಳೆದು ಬಿಡೋ ಹೊತ್ತಿಗೆ ಹಿಂಗಾಲಲ್ಲಿ ಕಿವಿ ಕೆರ್ಕೊಂಡಿದ್ದೀರಿ. ಬೆಲ್ಟನ್ನ ನಮ್ಮ ನಾಯಿ ಗೊಮಾಗೆ ಕಟ್ಟಿ ಮಲಗಿದ್ರಾ?

ಪಾರ್ಕಲ್ಲಿ ವ್ಯಾಯಾಮಕ್ಕೆ ಬಂದವರಿಗೆ ದಿನಾ ಸೀಲು ಹಾಕೋ ಹಾಜರಿ ಕಾರ್ಡಲ್ಲಿ ನಿಮ್ಮ ಹೆಸರು ಹೊಡೆದುಹಾಕಿ ಗೊಮಾ ಅಂತ ಬರೆದಿದ್ದೀನಿ. ಆರೂವರೆಯೊಳಗೆ ಅವನನ್ನ ಪಾರ್ಕಿಗೆ ಕರ್ಕೊಂಡು ಬನ್ನಿ. ಸೀಲು ಹಾಕಿಸ್ಕೊಳ್ಳೋಕೆ ಅವನೇ ಬರಬೇಕಂತೆ, ನಿಮ್ಮ ಹಾಗೆ ಮಂಡಿನೋವು ಅಂತ ಅವನೇನೂ ಹೇಳಲ್ಲ.

ಸುಮಿಯೆ