ಮಾವನ ನಿದ್ದೆ, ಹಸಿರು ನೀರು

ಮಾರ್ಚ್ ೧೭, ಮಂಗಳವಾರ

ಹಿತ್ತಲಿನ ಈಜುಕೊಳ ಮತ್ತೆ ಹಸಿರಾಗಿದೆ. ವಾರವಿಡೀ ಪಾಚಿ ಉಜ್ಜಿ, ಎಲೆ ಎತ್ತಿ, ಕ್ಲೋರಿನ್ ಹಾಕಿ ನನ್ನ ಸೊಂಟ ಬಿದ್ದುಹೋಗಿದೆ. ಇವತ್ತು ಮನೆಗೆ ಬಂದ ನೆಂಟರಿಗೆ ಮಾವ ಕೊಳ ತೋರಿಸುತ್ತಾ, "ನಮ್ಮ ಅಳಿಯಂದ್ರಿಗೆ ಮೈ ಬಗ್ಗಲ್ಲ ನೋಡಿ" ಎಂದರು. ಮೈಯೆಲ್ಲ ಉರಿದುಹೋಯಿತು.

ನೆಂಟರು ಹೊರಟ ಮೇಲೆ ಫಿಲ್ಟರ್ ತೊಳೆಯಲು ಹೋದರೆ ಪಂಪ್ ನಿಂತಿದೆ. ಆರಿಸಿದವರು ಸಾಕ್ಷಾತ್ ಮಾವ.

"ದಿನಾ ನಾನೇ ಆರಿಸೋದು. ಕಿಟಕಿ ಕೆಳಗೆ ಗುಂಯ್ ಅಂತಿದ್ರೆ ಮಧ್ಯಾಹ್ನ ನಿದ್ದೆ ಬರುತ್ತಾ? ನೀವು ಕೆಲಸದಿಂದ ಬರೋಷ್ಟರಲ್ಲಿ ಮತ್ತೆ ಹಾಕ್ತೀನಲ್ಲ. ಇವತ್ತು ನೆಂಟರ ಗಡಿಬಿಡೀಲಿ ಮರೆತೆ."

ಹಗಲೆಲ್ಲ ನಿಂತ ನೀರು ಪಾಚಿಗಟ್ಟದೆ ಇನ್ನೇನಾಗುತ್ತದೆ? ಇದೆಲ್ಲ ಗೊತ್ತಿದ್ದೂ ಹೆಂಡತಿ ಇಷ್ಟು ದಿನ ತುಟಿ ಬಿಚ್ಚಿಲ್ಲ. ಈಗ, "ಅಪ್ಪಂಗೆ ಏನೂ ಅನ್ಬೇಡಿ, ವಯಸ್ಸಾಗಿದೆ" ಅನ್ನುತ್ತಾಳೆ.

ಸರಿ, ಏನೂ ಅನ್ನುವುದಿಲ್ಲ. ಹಗಲು ಓಡದ ಪಂಪ್ ರಾತ್ರಿಯಾದರೂ ಓಡಬೇಕಲ್ಲ, ಈಗಷ್ಟೇ ಹಾಕಿ ಬಂದೆ. ಗುಂಯ್ ಅನ್ನುತ್ತಿದೆ. ಮಾವನ ಕೋಣೆಯಲ್ಲಿ ದೀಪ ಹೊತ್ತಿತು. ಕಿಟಕಿ ಧಡ್ ಎಂದು ಮುಚ್ಚಿತು. ಈಗ ಹಿತ್ತಲ ಬಾಗಿಲು ತೆಗೆದರು, ಚಪ್ಪಲಿಯ ಸದ್ದು ಪಂಪಿನ ಕಡೆಗೆ ಹೋಗುತ್ತಿದೆ.

ಹೋಗಲಿ. ಸ್ವಿಚ್ ಪೆಟ್ಟಿಗೆಗೆ ಬೀಗ ಹಾಕಿದ್ದೇನೆ. ಕೀಲಿ ನನ್ನ ದಿಂಬಿನ ಕೆಳಗಿದೆ, ನನಗೋ ಒಳ್ಳೆಯ ನಿದ್ದೆ ಬರುತ್ತಿದೆ.